ತಾಂತ್ರಿಕ ಬರವಣಿಗೆ: ನಮ್ಮ ಮಕ್ಕಳಿಗೆ ಗೊತ್ತಿಲ್ಲದ ಒಂದು ಉದ್ಯೋಗ

ಚೆನ್ನಾಗಿ ಬರೆಯುವ ವಿದ್ಯಾರ್ಥಿಗಳಿಗೆ ನಾವು ಶಿಕ್ಷಕರು ತೋರಿಸುವುದು ಎರಡೇ ದಾರಿ. ಒಂದು, ಪತ್ರಿಕೋದ್ಯಮ ಓದು. ಇನ್ನೊಂದು, ಬಿ.ಎಡ್. ಮಾಡು. ಮನೆಯವರನ್ನು ಕೇಳಿದರೆ ಎರಡನೆಯದೇ ಸರಿ ಅಂತಾರೆ, ಯಾಕೆಂದರೆ ಅಲ್ಲಿ ತಿಂಗಳ ಸಂಬಳ ಕಣ್ಣಿಗೆ ಕಾಣ್ತದೆ. ಬರವಣಿಗೆಯಿಂದಲೇ ತಿಂಗಳ ಸಂಬಳ ಬರುವ ಮೂರನೆಯ ದಾರಿಯೊಂದಿದೆ. ಹೈದರಾಬಾದ್, ಬೆಂಗಳೂರು, ಪುಣೆ, ಚೆನ್ನೈಗಳಲ್ಲಿ 1990ರ ದಶಕದಿಂದಲೂ ಜನ ಈ ಕೆಲಸ ಮಾಡ್ತಾ ಬಂದಿದ್ದಾರೆ. ಅದರ ಹೆಸರು ಟೆಕ್ನಿಕಲ್ ರೈಟಿಂಗ್, ಅಂದರೆ ತಾಂತ್ರಿಕ ಬರವಣಿಗೆ. ಕಾಲೇಜಿನ ವಿಷಯವಾಗಿ ಕಲಿಸುವಾಗ ಟೆಕ್ನಿಕಲ್ ಕಮ್ಯುನಿಕೇಶನ್ ಎಂದು ಕರೆಯುತ್ತಾರೆ.

ನಮ್ಮ ಮಕ್ಕಳಿಗೆ ಇದು ಗೊತ್ತಿಲ್ಲದಿರಲು ಒಂದು ಸರಳ ಕಾರಣ ಇದೆ. ಕಾದಂಬರಿಯ ಮೇಲೆ ಲೇಖಕರ ಹೆಸರಿರುತ್ತದೆ, ಪತ್ರಿಕೆಯ ವರದಿಯ ಮೇಲೂ ಕೆಲವೊಮ್ಮೆ ಇರುತ್ತದೆ. ವಾಷಿಂಗ್ ಮಷಿನ್ ಜೊತೆ ಬರುವ ಪುಸ್ತಕದ ಮೇಲೆ ಯಾರ ಹೆಸರೂ ಇರುವುದಿಲ್ಲ. ಹಾಗಾಗಿ ಅದನ್ನು ಒಬ್ಬರು ಕೂತು ಬರೆದಿದ್ದಾರೆ, ಅದಕ್ಕೆ ಸಂಬಳ ಪಡೆದಿದ್ದಾರೆ ಎಂಬ ಯೋಚನೆಯೇ ನಮಗೆ ಬರುವುದಿಲ್ಲ.

ಯಂತ್ರದ ಕೈಪಿಡಿ, ಮೊಬೈಲ್ ಆ್ಯಪಿನ ಸಹಾಯ ಪುಟ, ಸಾಫ್ಟ್‌ವೇರಿನ ಹೊಸ ಆವೃತ್ತಿಯಲ್ಲಿ ಏನು ಬದಲಾಗಿದೆ ಎಂಬ ಟಿಪ್ಪಣಿ, ಕಾರ್ಖಾನೆಯಲ್ಲಿ ಕೆಲಸದ ಕ್ರಮ ಹೇಳುವ ದಾಖಲೆ, ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಹೇಗೆ ಮಾತಾಡಬೇಕು ಎಂದು ಪ್ರೋಗ್ರಾಮರುಗಳಿಗೆ ಹೇಳುವ ಎಪಿಐ ದಾಖಲೆ, ಇವೆಲ್ಲ ಈ ಬರವಣಿಗೆಯೇ. ಉದ್ಯೋಗದ ಜಾಹೀರಾತಿನಲ್ಲಿ ಒಂದೇ ಹೆಸರು ಇರುವುದಿಲ್ಲ. ಟೆಕ್ನಿಕಲ್ ರೈಟರ್, ಡಾಕ್ಯುಮೆಂಟೇಶನ್ ಇಂಜಿನಿಯರ್, ಇನ್ಫರ್ಮೇಶನ್ ಡೆವಲಪರ್ ಹೀಗೆ ಬೇರೆ ಬೇರೆ ಹೆಸರಿನಲ್ಲಿ ಕರೀತಾರೆ. ಹುಡುಕುವವರು ಎಲ್ಲ ಹೆಸರಿನಲ್ಲೂ ಹುಡುಕಬೇಕು.

ಕೆಲಸ ಹೇಗಿರುತ್ತದೆ ಎಂದು ಒಂದು ಉದಾಹರಣೆಯಿಂದ ನೋಡೋಣ. ಒಂದು ಕಂಪನಿ ಆಸ್ಪತ್ರೆಗಳಿಗೆ ಬಿಲ್ ಮಾಡುವ ಸಾಫ್ಟ್‌ವೇರ್ ತಯಾರಿಸುತ್ತದೆ ಅಂತಿಟ್ಟುಕೊಳ್ಳಿ. ಅದರಲ್ಲಿ ಹೊಸದಾಗಿ ವಿಮೆಯ ಭಾಗ ಸೇರಿಸಿದ್ದಾರೆ. ಬರಹಗಾರರು ಮೊದಲು ಆ ಭಾಗವನ್ನು ತಾವೇ ಬಳಸಿ ನೋಡಬೇಕು. ಅರ್ಥವಾಗದ್ದನ್ನು ತಯಾರಿಸಿದ ಇಂಜಿನಿಯರರ ಹತ್ತಿರ ಹೋಗಿ ಕೇಳಬೇಕು. "ಈ ಬಟನ್ ಒತ್ತಿದ ಮೇಲೆ ಅರ್ಜಿ ವಾಪಸ್ ಪಡೆಯಬಹುದಾ? ಪಾಲಿಸಿ ನಂಬರ್ ತಪ್ಪು ಹಾಕಿದರೆ ಏನಾಗ್ತದೆ?" ಇಂಜಿನಿಯರ್‌ಗೆ ಪುರುಸೊತ್ತು ಇರುವುದಿಲ್ಲ, ಕೆಲವೊಮ್ಮೆ ಉತ್ತರವೂ ಗೊತ್ತಿರುವುದಿಲ್ಲ. ಆಮೇಲೆ ಬರೆಯುವುದು, ಅದನ್ನು ನಾಲ್ಕು ಜನರಿಗೆ ತೋರಿಸುವುದು, ಅವರು ಕೆಂಪು ಗುರುತು ಹಾಕಿದ್ದನ್ನು ತಿದ್ದುವುದು. ಕೂತು ಬರೆಯುವ ಹೊತ್ತಿಗಿಂತ ಕೇಳುವ, ಪರೀಕ್ಷಿಸುವ, ತಿದ್ದುವ ಹೊತ್ತೇ ಜಾಸ್ತಿ. ಯಾರನ್ನೂ ಏನೂ ಕೇಳದೆ ಮೂಲೆಯಲ್ಲಿ ಕೂತು ಬರೆಯುವುದೇ ಇಷ್ಟ ಎನ್ನುವವರಿಗೆ ಈ ಕೆಲಸ ಕಷ್ಟ.

ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ವಿದ್ಯೆ ಎಂದುಕೊಳ್ಳಬೇಡಿ. ಇಂದಿನ ಟರ್ಕಿಯಲ್ಲಿರುವ ದಿಯಾರ್‌ಬಕಿರ್‌ನ ಅರಮನೆಯಲ್ಲಿ ಕೆಲಸ ಮಾಡುತ್ತಿದ್ದ ಇಸ್ಮಾಯಿಲ್ ಅಲ್-ಜಝರಿ 1206ರಲ್ಲಿ ಯಂತ್ರಗಳ ಬಗ್ಗೆ ಅರಬಿ ಭಾಷೆಯಲ್ಲಿ ಒಂದು ಗ್ರಂಥ ಮುಗಿಸಿದರು. ನೀರಿನ ಗಡಿಯಾರ, ನೀರೆತ್ತುವ ಯಂತ್ರ ಹೀಗೆ 50 ಸಾಧನಗಳು ಅದರಲ್ಲಿವೆ. ಯಂತ್ರ ಎಷ್ಟು ಅದ್ಭುತ ಎಂದು ವರ್ಣಿಸಿ ಅವರು ಸುಮ್ಮನಾಗಲಿಲ್ಲ. ಭಾಗಗಳು ಯಾವುವು, ಯಾವುದನ್ನು ಯಾವುದಕ್ಕೆ ಜೋಡಿಸಬೇಕು ಎಂದು ಚಿತ್ರ ಸಮೇತ ಬರೆದರು. ಓದಿದ ಕುಶಲಕರ್ಮಿ ತಾನೂ ಕಟ್ಟುವಂತಿರಬೇಕು ಎಂಬುದೇ ಉದ್ದೇಶ. 1976ರಲ್ಲಿ ಲಂಡನ್ನಿನಲ್ಲಿ ಅವರ ನೀರಿನ ಗಡಿಯಾರವನ್ನು ಅದೇ ವಿವರಣೆಯ ಆಧಾರದ ಮೇಲೆ ಮತ್ತೆ ಕಟ್ಟಿ ತೋರಿಸಿದರು. 770 ವರ್ಷಗಳ ನಂತರವೂ ಕೆಲಸಕ್ಕೆ ಬಂದ ಕೈಪಿಡಿ ಅದು! ಇಂಗ್ಲಿಷಿನಲ್ಲಿ ಇಂಥ ಬರಹದ ಮೊದಲ ಮಾದರಿಗಳಲ್ಲಿ ಒಂದೆಂದು ಕವಿ ಚಾಸರ್ 1391ರ ಸುಮಾರಿಗೆ ಬರೆದ ಪುಸ್ತಕವನ್ನು ಹೇಳುತ್ತಾರೆ. ನಕ್ಷತ್ರಗಳ ಸ್ಥಾನ ಅಳೆಯುವ ಆಸ್ಟ್ರೋಲೇಬ್, ನಮ್ಮ ಉರ್ದುವಿನ ಉಸ್ತುರ್‌ಲಾಬ್, ಅದನ್ನು ಬಳಸುವ ವಿಧಾನ ಅದರಲ್ಲಿದೆ. ಓದುಗ ಯಾರು ಗೊತ್ತಾ? ಹತ್ತು ವರ್ಷದ ಹುಡುಗ ಲೂಯಿಸ್. ಅವನಿಗೆ ಲ್ಯಾಟಿನ್ ಅಷ್ಟಾಗಿ ಬರುತ್ತಿರಲಿಲ್ಲ, ಅದಕ್ಕೇ ಸರಳ ಇಂಗ್ಲಿಷ್. ಓದುವವರು ಯಾರು, ಅವರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬ ಲೆಕ್ಕ ಮೊದಲು, ಬರವಣಿಗೆ ಆಮೇಲೆ. ಇಂದಿನ ಪಠ್ಯಕ್ರಮಗಳಲ್ಲೂ ಮೊದಲ ಪಾಠ ಇದೇ.

ಈ ಬರವಣಿಗೆ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಥೆರಾಕ್-25 ಎಂಬ ಯಂತ್ರದ ಕಥೆಯನ್ನು ತಾಂತ್ರಿಕ ಶಿಕ್ಷಣದಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ಅದು ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳಿಗೆ ಅದು ವಿಪರೀತ ಪ್ರಮಾಣದ ವಿಕಿರಣ ಕೊಟ್ಟಿತು. ಕೆಲವರು ಸತ್ತರು. ಮೂಲ ದೋಷ ಸಾಫ್ಟ್‌ವೇರಿನಲ್ಲಿ ಮತ್ತು ಯಂತ್ರದ ವಿನ್ಯಾಸದಲ್ಲಿತ್ತು, ಅದನ್ನು ಮರೆಯಬಾರದು. ಆದರೆ 1986ರಲ್ಲಿ ಟೆಕ್ಸಾಸಿನ ಆಸ್ಪತ್ರೆಯಲ್ಲಿ ಯಂತ್ರ ನಡೆಸುತ್ತಿದ್ದವರ ಪರದೆಯ ಮೇಲೆ ಕಂಡದ್ದು "ಮಾಲ್‌ಫಂಕ್ಷನ್ 54" ಎಂಬ ಎರಡು ಪದ ಮಾತ್ರ. ಹಾಗೆಂದರೆ ಏನು ಎಂದು ಅವರಿಗೆ ಕೊಟ್ಟಿದ್ದ ಕೈಪಿಡಿಯಲ್ಲಿ ವಿವರಣೆ ಇರಲಿಲ್ಲ. ಇಂಥ ಸಂದೇಶಗಳು ದಿನಾ ಬರುತ್ತಿದ್ದವು, ಒಂದು ಕೀಲಿ ಒತ್ತಿದರೆ ಯಂತ್ರ ಮುಂದುವರಿಯುತ್ತಿತ್ತು. ಒತ್ತಿದರು. ರೋಗಿಗೆ ಎರಡನೇ ಸಲ ವಿಕಿರಣ ತಗುಲಿತು. "ನಿಲ್ಲಿಸಿ, ರೋಗಿಯನ್ನು ಹೊರಗೆ ತನ್ನಿ" ಎಂಬ ಒಂದು ಸಾಲು ಅಲ್ಲಿ ಬೇಕಿತ್ತು.

ಇಷ್ಟು ದೂರ ಹೋಗಬೇಕಾಗಿಲ್ಲ, ನಮ್ಮ ಮನೆಯಲ್ಲೇ ಓಆರ್‌ಎಸ್ ಪೊಟ್ಟಣ ಇದೆ. ಮಗುವಿಗೆ ಭೇದಿ ಶುರುವಾದಾಗ ಕೊಡುವ ಉಪ್ಪು-ಸಕ್ಕರೆಯ ಪುಡಿ. ದೊಡ್ಡ ಪೊಟ್ಟಣವನ್ನು 1 ಲೀಟರ್ ನೀರಿಗೆ ಹಾಕಬೇಕು. ಅಂಗಡಿಯಲ್ಲಿ 200 ಮಿಲಿ ಲೀಟರಿಗೆ ಹಾಕುವ ಚಿಕ್ಕ ಪೊಟ್ಟಣವೂ ಸಿಗುತ್ತದೆ. ದೊಡ್ಡದನ್ನು ಒಂದು ಲೋಟ ನೀರಿಗೆ ಕಲಸಿದರೆ ಉಪ್ಪಿನಂಶ ಹೆಚ್ಚಾಗಿ ಮಗುವಿಗೆ ಅಪಾಯ. ನೀರು ಜಾಸ್ತಿಯಾದರೆ ಗುಣ ಸಾಲದು. ನನ್ನ ತರಗತಿಯಲ್ಲಿ ಭಾಷಾ ಚಟುವಟಿಕೆಯಾಗಿ ನಾನು ಇದನ್ನೇ ಕೊಡುವುದು: ಅಕ್ಷರ ನಿಧಾನವಾಗಿ ಕೂಡಿಸಿ ಓದುವ ಒಬ್ಬ ತಾಯಿಗೆ ಈ ಸೂಚನೆ ಬರೆಯಿರಿ. ಮಕ್ಕಳು ಮೊದಲ ಸಲ ಬರೆಯುವುದು ಹೀಗಿರುತ್ತದೆ:

"ಪೊಟ್ಟಣದಲ್ಲಿರುವ ಸಂಪೂರ್ಣ ಪುಡಿಯನ್ನು ಶುದ್ಧೀಕರಿಸಿದ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಕರಗಿಸಿ ತಯಾರಿಸಲಾದ ದ್ರಾವಣವನ್ನು 24 ಗಂಟೆಯೊಳಗಾಗಿ ಉಪಯೋಗಿಸತಕ್ಕದ್ದು."

ತಪ್ಪೇನಿಲ್ಲ, ಎಲ್ಲ ಮಾಹಿತಿಯೂ ಇದೆ. ಆದರೆ ರಾತ್ರಿ ಎರಡು ಗಂಟೆಗೆ ಅಳುವ ಮಗುವನ್ನು ಎತ್ತಿಕೊಂಡು ಇದನ್ನು ಓದಿ ನೋಡಿ. ಕ್ರಿಯಾಪದ ಸಿಗುವ ಹೊತ್ತಿಗೆ ಮೊದಲು ಹೇಳಿದ್ದು ಮರೆತಿರುತ್ತದೆ. ನಾಲ್ಕನೇ ಸಲಕ್ಕೆ ಇಷ್ಟಾಗುತ್ತದೆ:

"ಎಷ್ಟು ನೀರು ಬೇಕೆಂದು ಪೊಟ್ಟಣದ ಮೇಲೆ ಬರೆದಿದೆ. ಮೊದಲು ಅದನ್ನು ಓದಿ. 1 ಲೀಟರ್ ಎಂದಿದ್ದರೆ ಹೀಗೆ ಮಾಡಿ. ಸೋಪಿನಿಂದ ಕೈ ತೊಳೆಯಿರಿ. ಒಂದು ಲೀಟರಿನ ನೀರಿನ ಬಾಟಲಿಯಿಂದ ನೀರು ಅಳೆಯಿರಿ. ಕುದಿಸಿ ಆರಿಸಿದ ನೀರು ಒಳ್ಳೆಯದು. ನೀರನ್ನು ಸ್ವಚ್ಛ ಪಾತ್ರೆಗೆ ಹಾಕಿ. ಪುಡಿಯನ್ನು ಪೂರ್ತಿ ಹಾಕಿ. ಕರಗುವವರೆಗೆ ಕಲಕಿ. ಬೇರೆ ಸಕ್ಕರೆ, ಉಪ್ಪು ಹಾಕಬೇಡಿ. 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ."

ಒಂದು ವಾಕ್ಯಕ್ಕೆ ಒಂದೇ ಕೆಲಸ. "ಇದ್ದರೆ" ಎಂಬ ಷರತ್ತು ಕೆಲಸಕ್ಕಿಂತ ಮುಂಚೆ. ಎಡವುವ ಜಾಗ, ಅಂದರೆ ನೀರಿನ ಅಳತೆ, ಎಲ್ಲಕ್ಕಿಂತ ಮೊದಲು. ಇನ್ನೊಂದು ವಿಷಯ ಗಮನಿಸಿ. ಮಕ್ಕಳಿಗೆ ಲೀಟರ್ ಎಂಬ ಪದ ಗೊತ್ತು, ಆದರೆ ಅಡುಗೆಮನೆಯಲ್ಲಿ ಲೀಟರ್ ಅಳತೆ ಎಲ್ಲಿದೆ? ತಂಬಿಗೆ ಇದೆ, ಲೋಟ ಇದೆ. ನೀರಿನ ಬಾಟಲಿಯ ಉಪಾಯ ಹೊಳೆದದ್ದು ಏಳನೇ ತರಗತಿಯ ಹುಡುಗಿಗೆ. ಅವಳು ವ್ಯಾಕರಣದಲ್ಲಿ ಹಿಂದೆ, ಆದರೆ ಆ ದಿನ ತರಗತಿಯಲ್ಲಿ ಅವಳೇ ಒಳ್ಳೆಯ ತಾಂತ್ರಿಕ ಬರಹಗಾರ್ತಿ.

ನಾವು ಶಾಲೆಯಲ್ಲಿ ಕಲಿಸುವ ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಇರಬೇಕು. ಉರ್ದು ಮಜ್‌ಮೂನ್ ಆದರೆ ಶುರುವಿಗೊಂದು ಶೇರ್ ಇದ್ದರೆ ಎರಡು ಅಂಕ ಜಾಸ್ತಿ. ಇವು ಬೇಡವೆಂದು ನಾನು ಹೇಳುವುದಿಲ್ಲ, ಅದರ ಸೊಗಸೇ ಬೇರೆ. ಆದರೆ ತಾಂತ್ರಿಕ ಬರವಣಿಗೆ ಕಲಿಯುವಾಗ ಈ ಅಭ್ಯಾಸ ಪಕ್ಕಕ್ಕಿಡಬೇಕು. ಓದುಗರು ಪುಸ್ತಕವನ್ನು ಮೊದಲಿನಿಂದ ಓದುವುದಿಲ್ಲ. ಏನೋ ಕೆಟ್ಟು ನಿಂತಾಗ ನಡುವಿನ ಒಂದು ಪುಟ ತೆರೆಯುತ್ತಾರೆ, ಬೇಕಾದ್ದು ಸಿಕ್ಕರೆ ಮುಚ್ಚುತ್ತಾರೆ.

ಈಗ ಎಲ್ಲರೂ ಕೇಳುವ ಪ್ರಶ್ನೆ. "ಟೀಚರ್, ನಾವು ಉರ್ದು ಮೀಡಿಯಂ, ಕನ್ನಡ ಮೀಡಿಯಂನವರು, ಅಷ್ಟು ಇಂಗ್ಲಿಷ್ ಎಲ್ಲಿಂದ ಬರಬೇಕು?" ಭಾರತದಲ್ಲಿ ಈ ಕೆಲಸ ಬಹುಪಾಲು ಇಂಗ್ಲಿಷಿನಲ್ಲೇ ನಡೆಯುತ್ತದೆ, ಸುಳ್ಳು ಭರವಸೆ ಕೊಡಲಾರೆ. ವ್ಯಾಕರಣ ಗಟ್ಟಿಯಾಗಬೇಕು. ಆದರೆ ಎಂಥ ಇಂಗ್ಲಿಷ್ ಎಂಬುದನ್ನು ನೋಡಿ. ವಿಮಾನ ಉದ್ಯಮದವರು ದುರಸ್ತಿ ಕೈಪಿಡಿಗಳಿಗಾಗಿ ಸರಳೀಕೃತ ತಾಂತ್ರಿಕ ಇಂಗ್ಲಿಷ್ ಎಂಬ ಮಾನದಂಡ ಮಾಡಿಕೊಂಡಿದ್ದಾರೆ. ಅದರ ನಿಘಂಟಿನಲ್ಲಿ ಒಪ್ಪಿಗೆಯಾದ ಸಾಮಾನ್ಯ ಪದಗಳು ಸುಮಾರು 900. ಜೊತೆಗೆ ಆಯಾ ಕ್ಷೇತ್ರದ ತಾಂತ್ರಿಕ ಪದಗಳು. ಸೂಚನೆಯ ವಾಕ್ಯ 20 ಪದ ಮೀರಬಾರದು, ವಿವರಣೆಯ ವಾಕ್ಯ 25 ಮೀರಬಾರದು. ಒಂದು ಪದಕ್ಕೆ ಒಂದೇ ಅರ್ಥ. ಯಾಕೆಂದರೆ ಆ ಕೈಪಿಡಿ ಓದುವ ಮೆಕ್ಯಾನಿಕ್ ಜಕಾರ್ತಾದವನೋ ಕೈರೋದವನೋ ಇರಬಹುದು, ಅವನಿಗೂ ಇಂಗ್ಲಿಷ್ ಮಾತೃಭಾಷೆಯಲ್ಲ. ಇಂಗ್ಲಿಷ್ ಸಾಹಿತ್ಯದ ಎಂ.ಎ. ವಿದ್ಯಾರ್ಥಿಗೆ ಈ ಕಟ್ಟುಪಾಡು ಉಸಿರು ಕಟ್ಟಿಸುತ್ತದೆ. ಇಂಗ್ಲಿಷನ್ನು ಮೂರನೇ ಭಾಷೆಯಾಗಿ ಕಲಿತವರಿಗೆ, ಎಲ್ಲಿ ಅರ್ಥ ತಪ್ಪುತ್ತದೆ ಎಂದು ಒಳಗಿನಿಂದಲೇ ಗೊತ್ತಿರುತ್ತದೆ.

ಇನ್ನೂ ಒಂದು ಬಲ ನಮ್ಮ ಮಕ್ಕಳಿಗಿದೆ, ಅವರೇ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊರರಾಜ್ಯದ ಊರುಗಳಲ್ಲಿ ಬೆಳೆಯುವ ಮಕ್ಕಳು ಮನೆಯಲ್ಲಿ ದಖ್ನಿ ಅಥವಾ ಬ್ಯಾರಿ, ಊರಿಂದ ತಂದ ಕನ್ನಡ, ಬೀದಿಯಲ್ಲಿ ತೆಲುಗು ಅಥವಾ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಇಟ್ಟುಕೊಂಡು ಬದುಕುತ್ತಾರೆ. ಬ್ಯಾಂಕಿನಲ್ಲಿ ಅಮ್ಮಿಯ ಫಾರ್ಮ್ ತುಂಬುವುದು, ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದ್ದನ್ನು ನಾನಿಗೆ ಬಿಡಿಸಿ ಹೇಳುವುದು, ಹಳ್ಳಿಯಿಂದ ಬಂದ ಮಾಮುವಿಗೆ ಮೊಬೈಲಿನಲ್ಲಿ ಹಣ ಕಳಿಸಲು ಕಲಿಸುವುದು ಇವರ ಕೆಲಸವೇ. ತಜ್ಞರ ಮಾತನ್ನು ಕೇಳಿ, ಎದುರಿಗಿರುವವರಿಗೆ ಎಷ್ಟು ಬೇಕೋ ಅಷ್ಟನ್ನು, ಅವರ ಮಾತಿನಲ್ಲಿ ಹೇಳುವುದು. ವೃತ್ತಿಯ ತಿರುಳು ಇಷ್ಟೇ. ಬಿ.ಎಡ್. ಮಾಡಿದವರಿಗೂ ಇದು ಹೊಸದಲ್ಲ. ತಿಳಿದದ್ದರಿಂದ ತಿಳಿಯದ್ದರ ಕಡೆಗೆ, ಸರಳದಿಂದ ಸಂಕೀರ್ಣದ ಕಡೆಗೆ ಎಂಬ ಬೋಧನಾ ಸೂತ್ರ ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವಲ್ಲ, ಅದು ಇಲ್ಲಿ ನಿಜವಾಗಿ ದುಡಿಯುತ್ತದೆ.

ಹಾಗಾದರೆ ಏನನ್ನು ಓದಬೇಕು? ಮೊದಲು ಬರವಣಿಗೆಯ ಮೂಲ ಪಾಠ. ಗೂಗಲ್ ತನ್ನ ಇಂಜಿನಿಯರುಗಳಿಗಾಗಿ ಮಾಡಿದ ಟೆಕ್ನಿಕಲ್ ರೈಟಿಂಗ್ ಒನ್, ಟು ಎಂಬ ಪಾಠಗಳನ್ನು ಎಲ್ಲರಿಗೂ ಉಚಿತವಾಗಿ ಇಟ್ಟಿದೆ. ಕೆಲವು ದಿನಗಳಲ್ಲಿ ಮುಗಿಸಬಹುದು. ಆಮೇಲೆ ಒಂದು ಶೈಲಿ ಕೈಪಿಡಿ. ಮೈಕ್ರೋಸಾಫ್ಟ್‌ನದು, ಗೂಗಲ್‌ನದು ಎರಡೂ ಅಂತರಜಾಲದಲ್ಲಿ ಪುಕ್ಕಟೆ. ಇವನ್ನು ಕಾದಂಬರಿಯಂತೆ ಓದಬೇಡಿ, ನಿಘಂಟಿನಂತೆ ಪಕ್ಕದಲ್ಲಿಟ್ಟುಕೊಳ್ಳಿ.

ನಂತರ ರಚನೆ. ಐಬಿಎಂ ಕಂಪನಿ ತಯಾರಿಸಿ, 2005ರಲ್ಲಿ ಮುಕ್ತ ಮಾನದಂಡವಾದ ಡಿಟಾ ಎಂಬ ಪದ್ಧತಿ ಇದೆ. ಅದು ಮಾಹಿತಿಯನ್ನು ಮುಖ್ಯವಾಗಿ ಮೂರು ಜಾತಿಯಾಗಿ ಒಡೆಯುತ್ತದೆ: ಇದು ಏನು ಎಂಬ ವಿವರಣೆ, ಇದನ್ನು ಹೇಗೆ ಮಾಡುವುದು ಎಂಬ ಹೆಜ್ಜೆಗಳು, ನೋಡಿಕೊಳ್ಳಲು ಬೇಕಾದ ಪಟ್ಟಿಗಳು. ಮೂರನ್ನೂ ಒಂದೇ ಪುಟದಲ್ಲಿ ಕಲಸಬಾರದು. ಒಮ್ಮೆ ಬರೆದ ತುಂಡನ್ನು ಹತ್ತು ಕೈಪಿಡಿಗಳಲ್ಲಿ ಮತ್ತೆ ಬಳಸಬಹುದು, ತಿದ್ದುಪಡಿ ಒಂದೇ ಕಡೆ ಮಾಡಿದರೆ ಸಾಕು. ಈ ಒಡೆಯುವ ಬುದ್ಧಿ ಬಂದರೆ ಉಪಕರಣ ಯಾವುದಾದರೂ ಕಲಿಯಬಹುದು. ಉಪಕರಣಗಳ ಹೆಸರು ಬೇಕೆಂದರೆ ಮ್ಯಾಡ್‌ಕ್ಯಾಪ್ ಫ್ಲೇರ್, ಅಡೋಬಿ ಫ್ರೇಮ್‌ಮೇಕರ್, ಆಕ್ಸಿಜನ್. ಮೊದಲೆರಡಕ್ಕೆ ದುಡ್ಡು ಕೊಟ್ಟು ಕೋರ್ಸ್ ಸೇರುವ ಮುಂಚೆ ಮಾರ್ಕ್‌ಡೌನ್ ಮತ್ತು ಗಿಟ್ ಕಲಿಯಿರಿ. ಎರಡೂ ಉಚಿತ, ಸಾಫ್ಟ್‌ವೇರ್ ಕಂಪನಿಗಳಲ್ಲಿ ಎಲ್ಲೆಡೆ ಬಳಕೆಯಲ್ಲಿವೆ.

ಕೊನೆಗೆ ಒಂದು ವಿಷಯದ ಜ್ಞಾನ. ಇದನ್ನು ನಮ್ಮವರು ಮರೆಯುತ್ತಾರೆ. ಬಿ.ಎಸ್ಸಿ. ಕೆಮಿಸ್ಟ್ರಿ ಓದಿದವರಿಗೆ ಹೈದರಾಬಾದಿನ ಔಷಧಿ ಕಂಪನಿಗಳಿವೆ. ಔಷಧಿಗೆ ಅನುಮತಿ ಕೇಳುವಾಗ ಐದು ಭಾಗಗಳ ದೊಡ್ಡ ದಾಖಲೆ ಸಲ್ಲಿಸಬೇಕಾಗುತ್ತದೆ, ಅದನ್ನು ಬರೆಯುವವರು ಬೇಕು. ಡಿಪ್ಲೊಮಾ ಮೆಕ್ಯಾನಿಕಲ್ ಆದವರಿಗೆ ಪುಣೆಯ ಯಂತ್ರ ಕಾರ್ಖಾನೆಗಳು. ಯುರೋಪಿಗೆ ಯಂತ್ರ ಮಾರಬೇಕೆಂದರೆ ಆ ದೇಶದ ಭಾಷೆಯಲ್ಲಿ ಕೈಪಿಡಿ ಜೊತೆಗಿರಲೇಬೇಕೆಂದು ಅಲ್ಲಿ ಕಾನೂನಿದೆ. ಅನುವಾದ ಆಗಬೇಕಾದರೆ ಮೂಲ ಸರಿಯಾಗಿರಬೇಕಲ್ಲ? ಅಲ್ಲಿ ಒಂದೊಂದು ಪದಕ್ಕೂ ತೂಕ ಇದೆ. ಅಮೆರಿಕದ ಮಾನದಂಡದಲ್ಲಿ "ಡೇಂಜರ್" ಅಂದರೆ ತಪ್ಪಿಸದಿದ್ದರೆ ಸಾವು ಅಥವಾ ಗಂಭೀರ ಗಾಯ ಆಗಿಯೇ ಆಗುತ್ತದೆ, "ವಾರ್ನಿಂಗ್" ಅಂದರೆ ಆಗಬಹುದು, "ಕಾಷನ್" ಅಂದರೆ ಸಣ್ಣ ಅಥವಾ ಮಧ್ಯಮ ಗಾಯ ಆಗಬಹುದು. ಬರೆಯುವವರು ತಮಗೆ ತೋಚಿದ್ದನ್ನು ಹಾಕುವಂತಿಲ್ಲ.

ಸರ್ಟಿಫಿಕೇಟ್ ಬಗ್ಗೆ ಖಡಾಖಂಡಿತವಾಗಿ ಒಂದು ಮಾತು. ಕೆಲಸ ಗ್ಯಾರಂಟಿ ಎಂದು ದೊಡ್ಡ ಶುಲ್ಕ ಕೇಳುವ ಸಂಸ್ಥೆಗಳ ಮುಂದೆ ನಮ್ಮ ತಂದೆ-ತಾಯಂದಿರು ಸಾಲ ಮಾಡಿ ನಿಲ್ಲುತ್ತಾರೆ. ಸೇರುವ ಮುಂಚೆ ಎರಡು ಪ್ರಶ್ನೆ ಕೇಳಿ. ಕಲಿಸುವವರು ಈಗ ಎಲ್ಲಿ ಈ ಕೆಲಸ ಮಾಡುತ್ತಿದ್ದಾರೆ? ಕೋರ್ಸ್ ಮುಗಿಯುವಾಗ ನನ್ನ ಕೈಯಲ್ಲಿ ನಾನೇ ಬರೆದ ಎಷ್ಟು ದಾಖಲೆ ಇರುತ್ತದೆ? ಸರಿಯಾದ ಉತ್ತರ ಬರದಿದ್ದರೆ ಎದ್ದು ಬನ್ನಿ. ಹಳೆಯ ಮಾರ್ಗದರ್ಶಿ ಲೇಖನಗಳಲ್ಲಿ ಅಮೆರಿಕದ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್ ಎಂಬ ಸಂಘದ ಸದಸ್ಯರಾಗಿ, ಅದರ ಪ್ರಮಾಣಪತ್ರ ಪಡೆಯಿರಿ ಎಂಬ ಸಲಹೆ ಈಗಲೂ ಇದೆ. ಆ ಸಂಘ 2025ರ ಜನವರಿಯಲ್ಲಿ ದಿವಾಳಿಯಾಗಿ ಮುಚ್ಚಿಹೋಯಿತು. ಜರ್ಮನಿಯ ಟೆಕೋಮ್ ಸಂಘ, ರೈಟ್ ದ ಡಾಕ್ಸ್ ಎಂಬ ಬರಹಗಾರರ ಬಳಗ ನಡೆಯುತ್ತಿವೆ. ಬಳಗದ ಚರ್ಚೆಗಳನ್ನು ಓದುವುದರಿಂದಲೇ ಎಷ್ಟೋ ತಿಳಿಯುತ್ತದೆ.

ಸಂದರ್ಶನದಲ್ಲಿ ತೋರಿಸಲು ನಿಮ್ಮದೇ ಮೂರು ಮಾದರಿ ಸಾಕು, ಆದರೆ ಮೂರೂ ನಿಜವಾದ ವಸ್ತುವಿನ ಬಗ್ಗೆ ಇರಲಿ. ವಿದ್ಯಾರ್ಥಿವೇತನದ ಆನ್‌ಲೈನ್ ಅರ್ಜಿ ತುಂಬುವ ವಿಧಾನ, ಮೊಹಲ್ಲಾದ ಮಸೀದಿಯ ಇನ್ವರ್ಟರ್ ಮತ್ತು ನೀರಿನ ಮೋಟಾರ್ ನೋಡಿಕೊಳ್ಳುವವರಿಗೆ ಎರಡು ಪುಟದ ಕೈಪಿಡಿ, ಯಾವುದಾದರೂ ಮುಕ್ತ ತಂತ್ರಾಂಶದ ಅರೆಬರೆ ಸಹಾಯ ಪುಟದ ತಿದ್ದುಪಡಿ. ಮೂರನೆಯದಕ್ಕೆ ಬೆಲೆ ಜಾಸ್ತಿ, ಯಾಕೆಂದರೆ ನೀವು ಏನು ಬದಲಿಸಿದಿರಿ, ಬೇರೆಯವರು ಅದಕ್ಕೆ ಏನೆಂದರು ಎಂಬುದೆಲ್ಲ ಅಲ್ಲೇ ದಾಖಲಾಗಿರುತ್ತದೆ.

ಎಐ ಬಂದ ಮೇಲೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕೇವಲ ವಾಕ್ಯ ಚಂದ ಮಾಡುವ ಕೆಲಸಕ್ಕೆ ಇನ್ನು ಯಾರೂ ಸಂಬಳ ಕೊಡಲಾರರು ಎಂಬುದು ನನ್ನ ಅಭಿಪ್ರಾಯ. ಆದರೆ ಎಐ ಬರೆದ ಹೆಜ್ಜೆಗಳಲ್ಲಿ ಪರದೆಯ ಮೇಲೆ ಇಲ್ಲದ ಬಟನ್ ಇರಬಹುದು, ಅದೂ ಪೂರ್ತಿ ಆತ್ಮವಿಶ್ವಾಸದಿಂದ! ಇಂಜಿನಿಯರ್ ಹೇಳದೆ ಬಿಟ್ಟದ್ದು ಅದಕ್ಕೂ ಗೊತ್ತಾಗುವುದಿಲ್ಲ. ಯಂತ್ರದ ಮುಂದೆ ನಿಂತು ಒಂದೊಂದೇ ಹೆಜ್ಜೆ ಮಾಡಿ ನೋಡುವವರು ಬೇಕೇ ಬೇಕು. ಆದ್ದರಿಂದ ಎಐ ಬಳಸಲು ಕಲಿಯಿರಿ, ಆದರೆ ನಿಮ್ಮ ಮೊದಲ ಮೂರು ಮಾದರಿಗಳನ್ನು ಕೈಯಾರೆ ಬರೆಯಿರಿ. ಹಾಗೆ ಬರೆಯದವರಿಗೆ ಎಐ ಎಲ್ಲಿ ತಪ್ಪಿದೆ ಎಂದು ಗುರುತಿಸುವ ಕಣ್ಣು ಬರುವುದಿಲ್ಲ.

ಮನೆಯಿಂದಲೇ ಮಾಡುವ ಕೆಲಸವೆಂದು ಹೆಣ್ಣುಮಕ್ಕಳ ಮನೆಯವರಿಗೆ ಇದು ಹಿಡಿಸುತ್ತದೆ. ಅಂಥ ಅವಕಾಶಗಳು ಇವೆ. ಆದರೂ ಮೊದಲ ಒಂದೆರಡು ವರ್ಷ ಕಚೇರಿಗೆ ಕಳಿಸಿ ಎಂದೇ ನಾನು ತಂದೆ-ತಾಯಿಯರಿಗೆ ಹೇಳುವುದು. ಇಂಜಿನಿಯರ್ ಪಕ್ಕದಲ್ಲಿ ಕೂತು ಕೇಳಿ ಕಲಿಯುವಷ್ಟು ಮನೆಯಲ್ಲಿ ಕೂತು ಕಲಿಯಲಾಗದು.

ಕನ್ನಡ, ಉರ್ದುವಿಗೂ ಇಲ್ಲಿ ಜಾಗವಿದೆ. ಅದಕ್ಕೆ ಲೋಕಲೈಸೇಶನ್ ಅಂತಾರೆ, ಆ್ಯಪ್ ಮತ್ತು ಕೈಪಿಡಿಗಳನ್ನು ನಮ್ಮ ಭಾಷೆಗೆ ತರುವುದು. ಫೋನನ್ನು ಕನ್ನಡಕ್ಕೆ ಬದಲಿಸಿ, ಅರ್ಥವಾಗದೆ ಮತ್ತೆ ಇಂಗ್ಲಿಷಿಗೆ ತಂದವರು ನಮ್ಮಲ್ಲಿ ಎಷ್ಟು ಜನ! ಪದಕ್ಕೆ ಪದ ಇಟ್ಟರೆ ಸಾಲದು. ಉರ್ದುವಿಗೆ ತರುವಾಗ ಬರಹ ಬಲದಿಂದ ಎಡಕ್ಕೆ ಹೋಗುತ್ತದೆ, "ಮುಂದೆ" ಎನ್ನುವ ಬಾಣದ ಗುರುತೂ ತಿರುಗಬೇಕು. ಎರಡೂ ಲಿಪಿ ಬಲ್ಲವರಿಗೆ ಇದು ಯಾರೂ ಹೇಳದೆ ಗೊತ್ತಾಗುತ್ತದೆ.

ಆರಂಭಿಸಲು ಈ ಭಾನುವಾರವೇ ಸಾಕು. ಮನೆಯಲ್ಲಿ ನಿಮಗೊಬ್ಬರಿಗೇ ಚೆನ್ನಾಗಿ ಗೊತ್ತಿರುವ ಒಂದು ಕೆಲಸ ಆರಿಸಿ. ಗ್ಯಾಸ್ ಬುಕ್ ಮಾಡುವುದು, ರೈಲು ಟಿಕೆಟ್ ರದ್ದು ಮಾಡುವುದು, ಏನಾದರೂ ಆಗಲಿ. ಅದನ್ನು ಒಂದು ಪುಟದಲ್ಲಿ ಬರೆಯಿರಿ. ಅದು ಗೊತ್ತಿಲ್ಲದ ಒಬ್ಬರ ಕೈಗೆ ಹಾಳೆ ಮತ್ತು ಫೋನ್ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಬಾಯಿ ಬಿಡಬೇಡಿ, ಬೆರಳು ತೋರಿಸಬೇಡಿ. ಅವರ ಕೈ ಎಲ್ಲಿ ನಿಂತಿತೋ ಆ ಸಾಲಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಅದನ್ನು ಮತ್ತೆ ಬರೆದು ಇನ್ನೊಬ್ಬರಿಗೆ ಕೊಡಿ.